ಬಿಸಿಲ ನಾಡಿನಲ್ಲಿ ಬಟ್ಟೆಯ ಮೇಲೆ ಚಿತ್ರ: ಬಣ್ಣ, ಮಸಿ ಮತ್ತು ಗಡಸು ನೀರು

ಬಟ್ಟೆಯ ಮೇಲೆ ಬಣ್ಣದಿಂದ ಚಿತ್ರ ತೆಗೆಯಲು ಹೇಳಿಕೊಡುವ ಅಳತೆಗಳು ಬಹುಪಾಲು ತಂಪು ಹವೆ, ಮೆದು ನೀರಿನ ಊರುಗಳಿಗೆ ಹೊಂದುವಂಥವು. ಅವನ್ನು ಹಾಗೆಯೇ ಕಲಬುರಗಿಯ ಏಪ್ರಿಲ್ ತಿಂಗಳಿಗೆ ತಂದರೆ ಎರಡು ಕಡೆ ಕೈಕೊಡುತ್ತವೆ. ಬಿಸಿ 40 ಡಿಗ್ರಿ ದಾಟಿದ ಒಣ ಹವೆಯಲ್ಲಿ ಕುಂಚದಿಂದ ಇಳಿದ ಬಣ್ಣ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ. ಬೋರ್‌ವೆಲ್ ನೀರಿನಲ್ಲಿರುವ ಸುಣ್ಣದಂಶ ಬಣ್ಣದ ಪಾಕವನ್ನು ಗಂಟು ಕಟ್ಟಿಸುತ್ತದೆ. ತೊಳೆದಾಗ ಅರ್ಧ ಚಿತ್ರ ಮೋರಿಗೆ ಹೋಗುತ್ತದೆ, ಬೈಗುಳ ಬಣ್ಣ ಮಾರಿದವನಿಗೆ ಬೀಳುತ್ತದೆ. ಆದರೆ ಹೀಗೆ ಕೆಟ್ಟ ಕೆಲಸದಲ್ಲಿ ಬಣ್ಣದ ತಪ್ಪು ಕಡಿಮೆ. ತೇವ ಮತ್ತು ನೀರನ್ನು ಸರಿಪಡಿಸಿದರೆ ಅದೇ ಬಣ್ಣ ವರ್ಷಗಟ್ಟಲೆ ನಿಲ್ಲುತ್ತದೆ.

ಮೊದಲು ಯಾವ ಬಣ್ಣ ಎನ್ನುವುದು

ಸ್ಟೇಷನರಿ ಅಂಗಡಿಯಲ್ಲಿ ಚಿಕ್ಕ ಬಾಟಲಿಗಳಲ್ಲಿ ಸಿಗುವ ಫ್ಯಾಬ್ರಿಕ್ ಪೇಂಟ್ ಅಕ್ರಿಲಿಕ್ ಅಂಟಿನಲ್ಲಿ ಕಲಸಿದ ಬಣ್ಣದ ಪುಡಿ. ಅದು ನೂಲಿನ ಮೇಲೆ ಪದರವಾಗಿ ಕೂರುತ್ತದೆ. ಕಪ್ಪು ಬಟ್ಟೆಯ ಮೇಲೂ ಬಿಳಿ ಮೂಡಿಸಬಹುದು, ಟೆರಿಕಾಟ್ ಮೇಲೂ ನಿಲ್ಲುತ್ತದೆ. ಆದರೆ ಬಟ್ಟೆ ಅಲ್ಲಿ ಒರಟಾಗುತ್ತದೆ. ದಪ್ಪಗೆ ಹಚ್ಚಿದ್ದು ಮಡಿಕೆಯಲ್ಲಿ ಬಿರಿಯುತ್ತದೆ. ಅದಕ್ಕೆ ನೀರು ಸುರಿದು ತೆಳು ಮಾಡಿದರೆ ಅಂಟು ಸಾಲದೆ ಬಣ್ಣ ಉದುರುತ್ತದೆ. ತೆಳು ಬೇಕಿದ್ದರೆ ಅದೇ ಕಂಪನಿಯ ಮೀಡಿಯಂ (ಬಣ್ಣವಿಲ್ಲದ ಅಂಟು ದ್ರವ) ಬೆರೆಸಬೇಕು. ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಹಾಕಿ, ಮೂರು ದಿನ ಬಿಟ್ಟು ತೊಳೆದರೆ ಆ ಕೆಲಸ ಮುಗಿಯಿತು.

ಬಟ್ಟೆಯ ಮೆದುತನ ಉಳಿಯಬೇಕು, ನೀರುಬಣ್ಣದ ಹಾಗೆ ಬಣ್ಣ ಬಣ್ಣದೊಳಗೆ ಹರಿಯಬೇಕು ಎನ್ನುವವರಿಗೆ ರಿಯಾಕ್ಟಿವ್ ಬಣ್ಣವೇ ಸರಿ. 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಪ್ರೋಸಿಯಾನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಈ ಜಾತಿಯ ಬಣ್ಣ ಹತ್ತಿಯ ನಾರಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಅದಕ್ಕೇ ತೊಳೆದರೆ ಹೋಗುವುದಿಲ್ಲ. ಕೊಳ್ಳುವಾಗ ‘ಕೋಲ್ಡ್ ಬ್ರ್ಯಾಂಡ್’ ಅಥವಾ ‘ಎಂ ಬ್ರ್ಯಾಂಡ್’ ಎಂದೇ ಕೇಳಿ. ‘ಹಾಟ್ ಬ್ರ್ಯಾಂಡ್’ ಕೂಡ ರಿಯಾಕ್ಟಿವ್ ಆದರೂ ಅದಕ್ಕೆ 80 ಡಿಗ್ರಿ ಆಸುಪಾಸಿನ ಕಾವು ಬೇಕು. ಮನೆಯಲ್ಲಿ ಹಚ್ಚಿಟ್ಟರೆ ಹಿಡಿಯುವುದಿಲ್ಲ. ಕಿರಾಣಿ ಅಂಗಡಿಯ ಪೊಟ್ಟಣದ ಬಣ್ಣ ಸಾಮಾನ್ಯವಾಗಿ ಡೈರೆಕ್ಟ್ ಬಣ್ಣ, ಉಪ್ಪು ಹಾಕಿ ಕುದಿಸಿ ಅದ್ದುವುದಕ್ಕೆ ಮಾಡಿದ್ದು. ಕುಂಚದ ಕೆಲಸಕ್ಕೆ ಬೇಡ.

ಪೆನ್ನಿನ ಮಸಿಯಿಂದ ಬಟ್ಟೆಗೆ ಗೆರೆ ಎಳೆಯುವವರು ಇದ್ದಾರೆ. ಅದರಲ್ಲಿ ನಾರಿಗೆ ಕಚ್ಚಿಕೊಳ್ಳುವ ಗುಣ ಇಲ್ಲ, ಒಂದೇ ತೊಳೆತಕ್ಕೆ ನೀಲಿ ಕಲೆ ಉಳಿಯುತ್ತದೆ. ಗೆರೆಗೆ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ಅಥವಾ ಬಟ್ಟೆಗೆಂದೇ ಮಾಡಿದ ಪಿಗ್ಮೆಂಟ್ ಪೆನ್ನು ಬಳಸಿ. ಅಗಸರು ಗುರುತು ಹಾಕುತ್ತಿದ್ದ ಕೇರುಬೀಜದ ರಸ ನಿಜಕ್ಕೂ ಅಳಿಯದ ಮಸಿ. ಆದರೆ ಅದು ತಾಗಿದಲ್ಲಿ ಚರ್ಮ ಬೊಬ್ಬೆ ಏಳುತ್ತದೆ, ಕುಂಚದ ಹತ್ತಿರಕ್ಕೂ ತರಬೇಡಿ.

ಬಟ್ಟೆ ಸಿದ್ಧಮಾಡುವುದು

ಪೂರ್ತಿ ಹತ್ತಿಯ ಪಾಪ್ಲಿನ್, ಕೇಂಬ್ರಿಕ್, ಮಲ್‌ಮಲ್, ಖಾದಿ, ಮಾಂಜರಪಾಟ ಎಲ್ಲವೂ ನಡೆಯುತ್ತವೆ. ಸಂಶಯ ಬಂದರೆ ಅಂಚಿನ ನಾಲ್ಕು ಎಳೆ ಕಿತ್ತು ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಇದೆ, ರಿಯಾಕ್ಟಿವ್ ಬಣ್ಣ ಅದಕ್ಕೆ ಅಂಟುವುದಿಲ್ಲ. ಬೆರಕೆ ಬಟ್ಟೆಯಲ್ಲಿ ಹತ್ತಿಯ ಎಳೆ ಮಾತ್ರ ಬಣ್ಣ ಹಿಡಿದು ಚಿತ್ರ ಮಾಸಿದಂತೆ ಕಾಣುತ್ತದೆ.

ಹೊಸ ಥಾನಿನಲ್ಲಿ ಗಿರಣಿಯ ಗಂಜಿ ಇರುತ್ತದೆ. ಒಂದು ಮೀಟರ್ ಬಟ್ಟೆಗೆ 4–5 ಲೀಟರ್ ನೀರು, ಲೀಟರಿಗೆ 2–3 ಗ್ರಾಂ ಸೋಡಾ ಆ್ಯಶ್ (ಕ್ಷಾರದ ಬಿಳಿ ಪುಡಿ), ಸ್ವಲ್ಪ ಡಿಟರ್ಜೆಂಟ್ ಹಾಕಿ ಅರ್ಧ ಗಂಟೆ ಕುದಿಸಿ, ಚೆನ್ನಾಗಿ ಜಾಲಿಸಿ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬಾರದು. ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ: ಎರಡು ಸೆಕೆಂಡಿನೊಳಗೆ ಹೀರಿದರೆ ಸಿದ್ಧ. ಹನಿ ದುಂಡಗೆ ನಿಂತರೆ ಮತ್ತೆ ಕುದಿಸಬೇಕು. ಈ ಹಂತ ಬಿಟ್ಟವರ ಚಿತ್ರದಲ್ಲಿ ಬಿಳಿ ಚುಕ್ಕೆ, ಮಚ್ಚೆ ಬರುತ್ತವೆ. ಆಮೇಲೆ ಅದಕ್ಕೆ ಮದ್ದಿಲ್ಲ.

ನೀರು, ಯೂರಿಯಾ, ಸೋಡಾ

ಬಣ್ಣದ ಪಾಕಕ್ಕೆ ಬೋರ್‌ವೆಲ್ ನೀರು ಬೇಡ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಆರ್‌ಒ ನೀರು ಸಾಕು. ಒಂದು ಕ್ಯಾನ್ ತಂದಿಟ್ಟರೆ ತಿಂಗಳ ಕೆಲಸ ಆಗುತ್ತದೆ. ಆರ್‌ಒ ಸಿಗದಿದ್ದರೆ ಲೀಟರಿಗೆ 5 ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ; ಅಂಗಡಿಯಲ್ಲಿ ಕ್ಯಾಲ್ಗಾನ್ ಎಂದು ಕೇಳಿದರೆ ಗೊತ್ತಾಗುತ್ತದೆ. ಅದು ಸುಣ್ಣದಂಶವನ್ನು ಹಿಡಿದಿಡುತ್ತದೆ.

ಈ ನೀರಿಗೆ ಬೆರೆಸುವ ಯೂರಿಯಾದ ಕೆಲಸ ಎರಡು: ಬಣ್ಣ ಚೆನ್ನಾಗಿ ಕರಗಿಸುವುದು, ಬಟ್ಟೆಯಲ್ಲಿ ತೇವ ಹಿಡಿದಿಡುವುದು. ಬೇಸಿಗೆಯಲ್ಲಿ ಲೀಟರಿಗೆ 150 ಗ್ರಾಂ, ಮಳೆಗಾಲದಲ್ಲಿ 80–100 ಗ್ರಾಂ. ಮಳೆಗಾಲದಲ್ಲೂ 150 ಹಾಕಿದರೆ ಬಟ್ಟೆ ಜಿಗಟಾಗಿ ಗೆರೆ ಹರಡುತ್ತದೆ. ಕರಗುವಾಗ ನೀರು ತಣ್ಣಗಾಗುವುದರಿಂದ ಬೆಚ್ಚಗಿನ ನೀರು ತೆಗೆದುಕೊಳ್ಳಿ, ಒಲೆಯ ಮೇಲೆ ಕುದಿಸಬೇಡಿ. ತೊಗರಿ ನಾಡಿನಲ್ಲಿ ಗೊಬ್ಬರದ ಯೂರಿಯಾ ಕೈಗೆ ಸಿಗುವಷ್ಟು ಹತ್ತಿರವಿದ್ದರೂ ಅದು ಹೊಲಕ್ಕೆ ಮೀಸಲು. 2015ರಿಂದ ಅದಕ್ಕೆ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ, ಆ ಎಣ್ಣೆ ತಿಳಿ ಬಣ್ಣಗಳನ್ನು ಮಂಕು ಮಾಡುತ್ತದೆ. ರಾಸಾಯನಿಕ ಅಂಗಡಿಯ ಲೇಪವಿಲ್ಲದ ಯೂರಿಯಾ ಕೊಳ್ಳಿ.

ಗೆರೆ ಹರಡದಂತೆ ಪಾಕ ಮಂದ ಮಾಡಲು ಸೋಡಿಯಂ ಆಲ್ಜಿನೇಟ್ ಬೇಕು. ಇದು ಸಮುದ್ರದ ಪಾಚಿಯಿಂದ ತೆಗೆದ ಪುಡಿ. ಮೈದಾ, ಗಂಜಿ, ಗೋಂದು ಯಾಕಾಗಬಾರದು ಎಂದರೆ, ರಿಯಾಕ್ಟಿವ್ ಬಣ್ಣ ಗಂಜಿಯೊಡನೆಯೂ ಬೆಸೆದುಕೊಳ್ಳುತ್ತದೆ. ಬಟ್ಟೆಗೆ ಸೇರಬೇಕಾದ ಬಣ್ಣ ಗಂಜಿಗೆ ಸೇರಿ ತೊಳೆದಾಗ ಅದರ ಜತೆಗೇ ಹೋಗುತ್ತದೆ. ಲೀಟರ್ ಯೂರಿಯಾ ನೀರಿಗೆ 10 ಗ್ರಾಂ ಆಲ್ಜಿನೇಟ್ ಹಾಕಿದರೆ ಹರಿಯುವ ಪಾಕ, 25–30 ಗ್ರಾಂ ಹಾಕಿದರೆ ಗೆರೆ ನಿಲ್ಲುವ ಪಾಕ; ಪುಡಿಯ ದರ್ಜೆಯ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ. ಕಲಕುತ್ತಾ ಚಿಟಿಕೆ ಚಿಟಿಕೆಯಾಗಿ ಉದುರಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೀನಿನ ಕಣ್ಣಿನಂಥ ಗಂಟುಗಳಿದ್ದರೆ ಹಳೆಯ ನೈಲಾನ್ ಬಟ್ಟೆಯಲ್ಲಿ ಸೋಸಿ. ಇಡೀ ಪಾಕ ಲೋಳೆಯಾಗಿ ಒಡೆದಿದ್ದರೆ ನೀರಿನಲ್ಲಿ ಸುಣ್ಣ ಇತ್ತು ಎಂದೇ ಅರ್ಥ.

ಇನ್ನು ಸೋಡಾ. ಬಣ್ಣ ನಾರಿಗೆ ಬೆಸೆಯಲು ಕ್ಷಾರ ಬೇಕು, ಅದನ್ನು ಕೊಡುವುದು ಸೋಡಾ ಆ್ಯಶ್. ಇಲ್ಲಿ ಅಂಗಡಿಯವರು ಬೇರೆ ಬೇರೆ ಸೋಡಾಗಳನ್ನು ಒಂದೇ ಹೆಸರಿನಲ್ಲಿ ಕೊಟ್ಟುಬಿಡುತ್ತಾರೆ. ನುಣುಪು ಬಿಳಿ ಪುಡಿಯ ಸೋಡಾ ಆ್ಯಶ್ ನಮಗೆ ಬೇಕಾದದ್ದು. ಹರಳು ಹರಳಾದ ವಾಷಿಂಗ್ ಸೋಡಾವೂ ಅದೇ ವಸ್ತು, ಆದರೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಹಾಗಾಗಿ ಅದನ್ನು 2.7 ಪಟ್ಟು ತೂಗಬೇಕು. ಅಡುಗೆ ಸೋಡಾ ಒಂದೇ ಹಾಕಿದರೆ ಕ್ಷಾರ ಸಾಲದು. ಕಾಸ್ಟಿಕ್ ಸೋಡಾ ಬೇರೆಯೇ ವಸ್ತು, ಕೈ ಸುಡುತ್ತದೆ.

ಬಣ್ಣ ಕಲಸುವ ಅಳತೆ

100 ಮಿ.ಲೀ. ಪಾಕಕ್ಕೆ ತಿಳಿ ಬಣ್ಣಕ್ಕೆ 1 ಗ್ರಾಂ, ನಡುಬಣ್ಣಕ್ಕೆ 2–3 ಗ್ರಾಂ, ಗಾಢಕ್ಕೆ 4–5 ಗ್ರಾಂ, ಕಪ್ಪಿಗೆ 6–8 ಗ್ರಾಂ. ಪುಡಿಗೆ ಮೊದಲು ಒಂದೆರಡು ಚಮಚ ಯೂರಿಯಾ ನೀರು ಹಾಕಿ ಗಂಟಿಲ್ಲದಂತೆ ಅರೆದು, ಆಮೇಲೆ ಉಳಿದದ್ದನ್ನು ಸೇರಿಸಿ. ನಾಲ್ಕು ಮೂಲ ಬಣ್ಣ ಸಾಕು: ನಿಂಬೆ ಹಳದಿ, ಕಡುಗುಲಾಬಿ, ನೀಲಿ, ಕಪ್ಪು. ಕಲಸಿದ ಬಣ್ಣ ಬಟ್ಟೆಯ ಮೇಲೆ ಹರಿದಾಗ ಅಂಚಿನಲ್ಲಿ ತನ್ನ ಮೂಲ ಬಣ್ಣಗಳಾಗಿ ಬೇರೆಯಾಗುವುದುಂಟು, ಕಪ್ಪಿನ ಸುತ್ತ ನೇರಳೆ ಅಥವಾ ಹಸಿರು ನೆರಳು ಬರುವುದು ಅದರಿಂದಲೇ.

ಡಬ್ಬಿ ತೆರೆಯುವಾಗ ಫ್ಯಾನು, ಕೂಲರ್ ಎರಡನ್ನೂ ಆರಿಸಿ, ಮಾಸ್ಕ್ ಮತ್ತು ಕೈಗವಸು ಹಾಕಿಕೊಳ್ಳಿ. ಈ ಪುಡಿಯ ಧೂಳು ಉಸಿರಿಗೆ ಸೇರುತ್ತಾ ಹೋದರೆ ಉಬ್ಬಸ ತರುತ್ತದೆ, ಒಮ್ಮೆ ಮೈ ಸೂಕ್ಷ್ಮವಾದರೆ ಮತ್ತೆ ಆ ಬಣ್ಣ ಮುಟ್ಟಲಾಗದು. ಒದ್ದೆ ಪೇಪರ್ ಹಾಸಿ ಅದರ ಮೇಲೆ ತೂಗಿದರೆ ಚೆಲ್ಲಿದ ಪುಡಿ ಹಾರುವುದಿಲ್ಲ. ಅಡುಗೆಮನೆಯ ಚಮಚ, ಬಟ್ಟಲು ಈ ಕೆಲಸಕ್ಕೆ ಬಂದ ಮೇಲೆ ಅಡುಗೆಮನೆಗೆ ಹಿಂತಿರುಗಬಾರದು.

ಸೋಡಾ ಸೇರದ ಬಣ್ಣ ತಣ್ಣಗಿಟ್ಟರೆ ಒಂದು ವಾರ ಬರುತ್ತದೆ. ಮೇ ತಿಂಗಳ ಕೋಣೆಯಲ್ಲಿ ಹೊರಗಿಟ್ಟರೆ ಬೇಗ ನೀರಿನೊಡನೆಯೇ ಕೂಡಿ ಸತ್ತುಹೋಗುತ್ತದೆ. ನೋಡಲು ಬಣ್ಣ ಹಾಗೆಯೇ ಇರುತ್ತದೆ, ಹಿಡಿಯುವುದಿಲ್ಲ ಅಷ್ಟೇ. ಬೇಸಿಗೆಯಲ್ಲಿ ಅಂದಿನದನ್ನು ಅಂದೇ ಕಲಸುವುದು ಒಳ್ಳೆಯದು.

ಬಿಡಿಸುವ ಎರಡು ದಾರಿ

ಮೊದಲನೆಯದು ಸೋಡಾದಲ್ಲಿ ನೆನೆಸಿದ ಬಟ್ಟೆ. ಲೀಟರಿಗೆ 50 ಗ್ರಾಂ ಸೋಡಾ ಆ್ಯಶ್ ಕರಗಿಸಿ, ಬಟ್ಟೆಯನ್ನು 15 ನಿಮಿಷ ನೆನೆಸಿ, ಹಿಂಡಿ, ನೆರಳಲ್ಲಿ ಒಣಗಿಸಿ. ಇಸ್ತ್ರಿ ಹಾಕಬೇಡಿ, ಸೋಡಾ ಇರುವ ಹತ್ತಿ ಕಾವಿಗೆ ಹಳದಿಯಾಗುತ್ತದೆ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಸೋಡಾ ಇಲ್ಲದ ಬಣ್ಣದಿಂದ ಚಿತ್ರ ತೆಗೆಯಿರಿ. ಬಣ್ಣ ತಾಗಿದ ಕ್ಷಣದಿಂದಲೇ ಬೆಸುಗೆ ಶುರು, ಆದ್ದರಿಂದ ಕೈ ಚುರುಕಾಗಿರಬೇಕು. ಹರಡಿದ ಹೂವು, ಮೋಡ, ಬಣ್ಣದೊಳಗೆ ಬಣ್ಣ ಇಳಿಸುವ ಕೆಲಸಕ್ಕೆ ಇದು ಚೆನ್ನ.

ಎರಡನೆಯದು ಸೋಡಿಯಂ ಸಿಲಿಕೇಟ್ ದಾರಿ. ಬಟ್ಟೆಗೆ ಮೊದಲು ಏನೂ ಹಚ್ಚುವುದಿಲ್ಲ. ಬಣ್ಣದಿಂದ ನಿಧಾನವಾಗಿ, ಬೇಕಿದ್ದರೆ ಎರಡು ದಿನ ಕೂತು ಬಿಡಿಸಿ ಪೂರ್ತಿ ಒಣಗಿಸಿ. ಆಮೇಲೆ ಕ್ಷಾರ ಕೊಡುವ ಅಂಟಾದ ಸಿಲಿಕೇಟ್ ದ್ರವವನ್ನು ಅಗಲ ಮೆದು ಕುಂಚದಿಂದ ಒಂದೇ ದಿಕ್ಕಿನಲ್ಲಿ, ಉಜ್ಜದೆ, ಒಮ್ಮೆ ಎಳೆಯಿರಿ. ಮೇಲೆ ಪಾಲಿಥೀನ್ ಹೊದಿಸಿ ಆರು ಗಂಟೆ ಬಿಡಿ. ಹೊದಿಕೆ ಇಲ್ಲದಿದ್ದರೆ ನಮ್ಮ ಬಿಸಿಲಿಗೆ ಸಿಲಿಕೇಟ್ ಗಾಜಿನಂತೆ ಗಟ್ಟಿಯಾಗಿ ಬಟ್ಟೆ ಮಡಚಿದಲ್ಲಿ ಸೀಳುತ್ತದೆ. ಸುರಪುರದ ಕಿರುಗಾತ್ರದ ವರ್ಣಚಿತ್ರಗಳಲ್ಲಿ ಕಾಣುವಂಥ ಸೂಕ್ಷ್ಮ ಗೆರೆ, ಒಡವೆಯ ವಿವರ ಬಟ್ಟೆಯ ಮೇಲೆ ಬೇಕೆನ್ನುವವರು ಈ ದಾರಿಯನ್ನೇ ಹಿಡಿಯಲಿ. ಬಣ್ಣ ಒಣಗಿದರೂ ಇಲ್ಲಿ ನಷ್ಟವಿಲ್ಲ, ಕ್ಷಾರ ಸಿಕ್ಕ ಮೇಲಷ್ಟೇ ಬೆಸುಗೆ ಆಗುವುದು. ಹಾಗಾಗಿ ಒಣ ಹವೆಯ ಊರುಗಳಿಗೆ ಇದೇ ಹೆಚ್ಚು ನಂಬಿಕೆಯ ವಿಧಾನ.

ಕುಂಚದ ವಿಷಯದಲ್ಲಿ: ಗೆರೆಗೆ 0 ಮತ್ತು 2ನೇ ನಂಬರಿನ ಸಿಂಥೆಟಿಕ್ ದುಂಡು ಕುಂಚ, ಬಯಲು ತುಂಬಲು ಒಂದಿಂಚಿನ ಚಪ್ಪಟೆ ಕುಂಚ. ಬಟ್ಟೆ ಕಾಗದಕ್ಕಿಂತ ಬೇಗ ಹೀರುವುದರಿಂದ ಕುಂಚವನ್ನು ಗಡಿಗೆರೆಯಿಂದ 2–3 ಮಿ.ಮೀ. ಒಳಗೇ ನಿಲ್ಲಿಸಿ, ಉಳಿದದ್ದನ್ನು ಬಣ್ಣವೇ ತುಂಬಿಕೊಳ್ಳುತ್ತದೆ. ಎರಡು ಬಣ್ಣ ಮೆತ್ತಗೆ ಕೂಡಬೇಕಿದ್ದರೆ ಆ ಜಾಗಕ್ಕೆ ಮೊದಲು ಬಣ್ಣವಿಲ್ಲದ ಪಾಕ ಸವರಿ, ಹಸಿ ಇರುವಾಗಲೇ ಎರಡೂ ಕಡೆಯಿಂದ ಬಣ್ಣ ತನ್ನಿ. ಬರೀ ನೀರು ಸವರಿದರೆ ಬೇಸಿಗೆಯಲ್ಲಿ ನಡುವೆ ಗಡಸು ಅಂಚು ನಿಲ್ಲುತ್ತದೆ.

ಬಿದರಿ ವಿನ್ಯಾಸ ಬಟ್ಟೆಗೆ ಬರಬೇಕಾದರೆ

ಬೀದರಿನ ಬಿದರಿ ಕೆಲಸದ ಗಸಗಸೆ ಹೂವು, ಅಶರ್ಫಿ ಬೂಟಿ ಬಟ್ಟೆಗೆ ಬಹಳ ಒಪ್ಪುತ್ತವೆ. ಆದರೆ ಬಿದರಿಯಲ್ಲಿ ನೆಲ ಕಪ್ಪು, ಹೂವು ಬೆಳ್ಳಿ. ರಿಯಾಕ್ಟಿವ್ ಬಣ್ಣ ಪಾರದರ್ಶಕ, ಕಪ್ಪಿನ ಮೇಲೆ ಬಿಳಿ ಹಚ್ಚಲು ಅದರಿಂದ ಸಾಧ್ಯವೇ ಇಲ್ಲ. ಬಿಳಿಯನ್ನು ಮೊದಲೇ ಕಾಯ್ದುಕೊಳ್ಳಬೇಕು.

ಪ್ಯಾರಾಫಿನ್ ಮೇಣ ಮತ್ತು ಜೇನುಮೇಣ ಸಮಭಾಗ ಕೂಡಿಸಿ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಬೆಂಕಿಯ ಮೇಲೆ ಬೇಡ. ಹೂವಿನ ಆಕಾರವನ್ನು ಬಿಸಿ ಮೇಣದಿಂದ ತುಂಬಿ, ಬಟ್ಟೆ ತಿರುಗಿಸಿ ನೋಡಿ: ಹಿಂಬದಿಯಲ್ಲೂ ಪಾರದರ್ಶಕ ಗುರುತು ಕಾಣಬೇಕು. ಮೇಣ ಮೇಲೆ ಬೆಳ್ಳಗೆ ಕೂತಿದ್ದರೆ ಅದು ತಣ್ಣಗಿತ್ತು, ಕೆಳಗಿನಿಂದ ಕಪ್ಪು ನುಗ್ಗುತ್ತದೆ. ಪ್ಯಾರಾಫಿನ್ ಹೆಚ್ಚಾದರೆ ಬಿರುಕು ಬಿದ್ದು ಬಾಟಿಕ್ ಗೆರೆ ಬರುತ್ತದೆ. ಬಿದರಿಯ ಅಚ್ಚುಕಟ್ಟಿಗೆ ಅದು ಹೊಂದದು. ಆಮೇಲೆ 8 ಗ್ರಾಂ ಅಳತೆಯ ಮಂದ ಕಪ್ಪನ್ನು ನೆಲಕ್ಕೆ ಹಚ್ಚಿ. ಈ ಕೆಲಸಕ್ಕೆ ಸೋಡಾದಲ್ಲಿ ನೆನೆಸಿದ ಬಟ್ಟೆಯನ್ನೇ ತೆಗೆದುಕೊಳ್ಳಿ. ಮೇ ತಿಂಗಳಲ್ಲಿ ಮೇಣ ಮೆತ್ತಗಾಗಿ ಅಂಟುವುದರಿಂದ ಬೆಳಗಿನ ಹೊತ್ತೇ ಮುಗಿಸುವುದು ಲೇಸು.

ತೇವದಲ್ಲಿಡುವುದು, ತೊಳೆಯುವುದು

ಸೋಡಾ ದಾರಿಯಲ್ಲಿ ಬಣ್ಣ ಹಿಡಿಯುವುದು ಬಟ್ಟೆ ಹಸಿಯಾಗಿರುವ ತನಕ ಮಾತ್ರ. ಒಣಗಿದ ಮೇಲೆ ವಾರ ಇಟ್ಟರೂ ಏನೂ ಆಗದು. ಚಿತ್ರ ಮುಗಿದ ಕೂಡಲೇ, ದೊಡ್ಡದಾದರೆ ಮುಗಿದ ಭಾಗವನ್ನು ಆಗಾಗಲೇ, ಪಾಲಿಥೀನ್ ಹಾಳೆಯಿಂದ ಮುಚ್ಚಿ. ಎರಡು ಹಾಳೆಯ ನಡುವೆ ಬಟ್ಟೆ ಇಟ್ಟು, ಬಣ್ಣ ಬಣ್ಣಕ್ಕೆ ತಾಗದಂತೆ ಸುತ್ತಿ, ಅಂಚು ಮಡಚಿ 12ರಿಂದ 24 ಗಂಟೆ ಇಡಿ. ಅಂಚು ಒಣಗುವ ಸೂಚನೆ ಕಂಡರೆ ಸ್ಪ್ರೇ ಬಾಟಲಿಯಿಂದ ಯೂರಿಯಾ ನೀರಿನ ಸಣ್ಣ ತುಂತುರು ಸಾಕು. ಬೇಸಿಗೆಯ ಕೂಲರ್ ಕೋಣೆಯ ತೇವ ಹೆಚ್ಚಿಸುವುದರಿಂದ ಅದರ ಕೋಣೆಯಲ್ಲಿ ಕೂತು ಕೆಲಸ ಮಾಡಿ, ಆದರೆ ಅದರ ಗಾಳಿ ನೇರ ಬಟ್ಟೆಗೆ ಬೀಳಬಾರದು. ಬೀದರ್ ಎತ್ತರದ ಊರು, ಡಿಸೆಂಬರ್ ರಾತ್ರಿಗಳಲ್ಲಿ ಚಳಿ ಚೆನ್ನಾಗಿಯೇ ಇಳಿಯುತ್ತದೆ. 20 ಡಿಗ್ರಿಗಿಂತ ಕೆಳಗೆ ಬೆಸುಗೆ ನಿಧಾನ. ಆಗ ಹಗಲು ಬಿಸಿಲು ತಾಗುವ ಕೋಣೆಯಲ್ಲಿಟ್ಟು ಎರಡು ದಿನ ಕೊಡಿ. ಟರ್ಕಾಯ್ಸ್ ನೀಲಿ ಎಲ್ಲ ಕಾಲದಲ್ಲೂ ನಿಧಾನಿ, ಅದಕ್ಕೆ ಪೂರ್ತಿ 24 ಗಂಟೆ ಬೇಕು.

ತೊಳೆಯುವ ಕ್ರಮ ಹಿಂದುಮುಂದಾದರೆ ಬಿಳಿ ನೆಲ ಹಾಳು. ಮೊದಲು ತಣ್ಣೀರು, ಬಹಳಷ್ಟು ತಣ್ಣೀರು, ಸೋಡಾದ ಜಾರು ಕೈಗೆ ತಾಗದ ತನಕ. ಬಟ್ಟೆಯನ್ನು ಗುಡ್ಡೆ ಹಾಕಿ ನೆನೆಯಬಿಡದೆ, ಹರವಿ ಮೇಲಿಂದ ನೀರು ಹೊಯ್ಯಿರಿ. ಸೋಡಾ ಇರುವಾಗಲೇ ಬಿಸಿನೀರು ಹಾಕಿದರೆ ಬಿಡಿ ಬಣ್ಣ ಬಿಳಿ ಜಾಗಕ್ಕೆ ಹೋಗಿ ಅಲ್ಲೇ ಬೆಸೆಯುತ್ತದೆ. ಜಾರು ಹೋದ ಮೇಲೆ 80–90 ಡಿಗ್ರಿ ಬಿಸಿನೀರಿನಲ್ಲಿ ಸ್ವಲ್ಪ ಡಿಟರ್ಜೆಂಟ್, ಲೀಟರಿಗೆ 1–2 ಗ್ರಾಂ ಕ್ಯಾಲ್ಗಾನ್ ಹಾಕಿ ಹತ್ತು ನಿಮಿಷ ಕಲಕಿ. ಬಿಡಿ ಬಣ್ಣ ಹೊರಬರುವುದು ಈ ಬಿಸಿಯಲ್ಲೇ. ಬರೀ ತಣ್ಣೀರಿನಲ್ಲಿ ತೊಳೆದ ಬಟ್ಟೆ ಮುಂದೆ ತಿಂಗಳುಗಟ್ಟಲೆ ಬಣ್ಣ ಬಿಡುತ್ತಲೇ ಇರುತ್ತದೆ. ನೀರು ತಿಳಿಯಾಗುವ ತನಕ ಮತ್ತೆ ಮಾಡಿ. ಒದ್ದೆ ಬಟ್ಟೆಯ ಮೇಲೆ ಬಿಳಿ ತುಂಡಿಟ್ಟು ಇಸ್ತ್ರಿ ಒತ್ತಿ. ತುಂಡು ಬಿಳಿಯಾಗೇ ಉಳಿದರೆ ಮುಗಿದಂತೆ. ಮೇಣದ ಬಟ್ಟೆಗೆ ಇದೇ ಬಿಸಿನೀರು ಕುದಿಯಬೇಕು; ಆ ನೀರನ್ನು ಮೋರಿಗೆ ಚೆಲ್ಲದೆ ಆರಲು ಬಿಟ್ಟರೆ ಮೇಣ ಮೇಲೆ ಹೆಪ್ಪುಗಟ್ಟಿ ಮತ್ತೆ ಸಿಗುತ್ತದೆ. ಸೋಡಾ ನೀರು ಗಿಡಕ್ಕೆ ಹಾಕಬೇಡಿ.

ಬಟ್ಟೆ ಪೂರ್ತಿ ಮಸುಕಾಗಿ ಬಂದರೆ ಒಣಗಿತ್ತೇ, ಬಣ್ಣ ಹಳೆಯದೇ, ಸೋಡಾ ಯಾವುದು, ಹಾಟ್ ಬ್ರ್ಯಾಂಡ್ ಬಂದಿತ್ತೇ, ಈ ಕ್ರಮದಲ್ಲೇ ಹುಡುಕಿ.

ರೇಷ್ಮೆಗೆ ಇದೇ ಬಣ್ಣ ನಡೆಯುತ್ತದೆ, ಸೋಡಾ ಬೇಡ. 100 ಮಿ.ಲೀ. ಬಣ್ಣಕ್ಕೆ 10 ಮಿ.ಲೀ. ಬಿಳಿ ವಿನೆಗರ್ ಹಾಕಿ ಬಿಡಿಸಿ, ಒಣಗಿಸಿ, ಅಚ್ಚಾಗದ ಖಾಲಿ ಕಾಗದದಲ್ಲಿ ಸುರುಳಿ ಸುತ್ತಿ 45 ನಿಮಿಷ ಆವಿಯಲ್ಲಿಡಿ. ಮುಚ್ಚಳದಿಂದ ಹನಿ ತೊಟ್ಟಿಕ್ಕದಂತೆ ಮೇಲೆ ದಪ್ಪ ಬಟ್ಟೆ ಹಾಕಿ, ಒಂದು ಹನಿ ಸಾಕು ಮಚ್ಚೆ ಬೀಳಲು.

ಮನೆಯಲ್ಲೇ ಮಾಡುವ ಕಪ್ಪು ಮಸಿ

ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿಯಲ್ಲಿ ಗೆರೆ ಎಳೆಯುವ ಕಬ್ಬಿಣದ ಮಸಿಗೆ ಬೇಕಾದದ್ದೆಲ್ಲ ನಮ್ಮಲ್ಲೂ ಸಿಗುತ್ತದೆ, ಬಿಸಿಲು ಇಲ್ಲಿ ಅನುಕೂಲವೇ. ತುಕ್ಕು ಹಿಡಿದ ಮೊಳೆ, ಕಬ್ಬಿಣದ ಚೂರು 150 ಗ್ರಾಂ, ಬೆಲ್ಲ 100 ಗ್ರಾಂ, ನೀರು 1 ಲೀಟರ್ ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಹಾಕಿ. ಮುಚ್ಚಳ ಸಡಿಲ ಇರಲಿ, ಒಳಗೆ ಗಾಳಿ ಏಳುತ್ತದೆ. ದಿನಕ್ಕೊಮ್ಮೆ ಕಲಕುತ್ತಾ 15–20 ದಿನ ಬಿಟ್ಟರೆ ನೊರೆ ಎದ್ದು ಇಳಿದು ಹುಳಿ ವಾಸನೆಯ ಕಂದು ದ್ರವ ಆಗುತ್ತದೆ. ಸೋಸಿಡಿ. ಅದು ತಾನಾಗಿ ಕಪ್ಪಲ್ಲ. ಬಟ್ಟೆಯಲ್ಲಿರುವ ಅಳಲೆಕಾಯಿಯ ಒಗರು ಸೇರಿದಾಗ ಕಪ್ಪಾಗುತ್ತದೆ.

ಹಾಗಾಗಿ ಗಂಜಿ ತೆಗೆದ ಒಂದು ಮೀಟರ್ ಬಟ್ಟೆಗೆ 30 ಗ್ರಾಂ ಅಳಲೆಕಾಯಿ ಪುಡಿ, ಅರ್ಧ ಲೀಟರ್ ನೀರು, ಕಾಲು ಲೀಟರ್ ಕಾಯಿಸದ ಎಮ್ಮೆ ಹಾಲು ಕೂಡಿಸಿ, ಬಟ್ಟೆ ಅದ್ದಿ ಸಮನಾಗಿ ಹಿಂಡಿ, ಬಿಸಿಲಲ್ಲಿ ಚಪ್ಪಟೆಯಾಗಿ ಒಣಗಿಸಿ. ಹಾಲಿನ ಜಿಡ್ಡು ಮಸಿ ಹರಡದಂತೆ ತಡೆಯುತ್ತದೆ. ಗೆರೆ ಹರಡಿದರೆ ಹಾಲು ನೀರಾಗಿತ್ತು. ಚೂಪು ಮಾಡಿದ ಬಿದಿರು ಕಡ್ಡಿಗೆ ತುದಿಯಿಂದ ಎರಡು ಬೆರಳು ಮೇಲೆ ನೂಲು ಅಥವಾ ಉಣ್ಣೆ ಸುತ್ತಿ ಕಟ್ಟಿ. ಅದು ಮಸಿ ಹೀರಿಕೊಂಡಿರುತ್ತದೆ, ಬೆರಳಿನಿಂದ ಒತ್ತಿದಷ್ಟು ತುದಿಗೆ ಇಳಿಯುತ್ತದೆ. ಗೆರೆ ಎಳೆದ ಕ್ಷಣದಲ್ಲೇ ಕಪ್ಪಾಗಬೇಕು. ಬೂದು ಬಣ್ಣಕ್ಕೇ ನಿಂತರೆ ಅಳಲೆ ಕಡಿಮೆ. ಗೆರೆಯ ಪಕ್ಕ ಹಳದಿ ತುಕ್ಕಿನ ಅಂಚು ಕಂಡರೆ ಕಬ್ಬಿಣ ಹೆಚ್ಚು. ಅಂಥ ಗೆರೆಯುದ್ದಕ್ಕೂ ಕೆಲವು ವರ್ಷಗಳಲ್ಲಿ ಬಟ್ಟೆ ಹರಿಯುತ್ತದೆ, ಮಸಿಗೆ ನೀರು ಬೆರೆಸಿ ತೆಳು ಮಾಡಿ. ಒಂದು ದಿನ ಬಿಟ್ಟು ಧಾರಾಳ ನೀರಿನಲ್ಲಿ, ಸೋಪಿಲ್ಲದೆ, ಬಟ್ಟೆ ಮಡಚದೆ ತೊಳೆಯಿರಿ. ಬಿಡಿ ಮಸಿ ಪಕ್ಕದ ಅಳಲೆಗೆ ತಾಗಿದರೆ ಅಲ್ಲೂ ಕಪ್ಪು ಹಿಡಿಯುತ್ತದೆ.